ಮೀನಿನ ಕಾರ್ಡು

ತರಬೇತಿ ಎಂದರೆ ಮೊದಲು ಕುರ್ಚಿ. ಎರಡು ದಿನದಲ್ಲಿ ಮೇಷ್ಟ್ರುಗಳ ತಲೆಗೆ ಹೊಸದೇನಾದರೂ ಹೋಗುತ್ತದೋ ಇಲ್ಲವೋ ದೇವರೇ ಬಲ್ಲ, ಆಯಾಳ ಸೊಂಟಕ್ಕೆ ಮಾತ್ರ ನಲವತ್ತೆರಡು ಕುರ್ಚಿಯ ಭಾರ ತಪ್ಪುವುದಿಲ್ಲ. ಮಡಚುವ ಕಬ್ಬಿಣದ ಕುರ್ಚಿ. ಮಹಡಿಯ ಕೋಣೆಯಿಂದ ಕೆಳಗಿನ ಹಾಲ್‌ಗೆ ಇಪ್ಪತ್ತೆರಡು ಮೆಟ್ಟಿಲು. ಸಲಕ್ಕೆ ಎರಡು, ಆ ಕಂಕುಳಲ್ಲೊಂದು, ಈ ಕಂಕುಳಲ್ಲೊಂದು. ಇಪ್ಪತ್ತೊಂದು ಸಲ ಹತ್ತಬೇಕು, ಇಪ್ಪತ್ತೊಂದು ಸಲ ಇಳಿಯಬೇಕು. ಅದಕ್ಕೂ ಮೊದಲು ಬೆಳಿಗ್ಗೆಯ ಕೆಲಸ ಇದ್ದೇ ಇದೆ. ಒಂಬತ್ತು ಕೋಣೆ ಗುಡಿಸು, ಅಂಗಳ ಗುಡಿಸು, ಮಕ್ಕಳ ಕಕ್ಕಸು ಆರು ತೊಳೆ, ಮೇಷ್ಟ್ರುಗಳದ್ದು ಎರಡು ತೊಳೆ.

ಹೆಡ್‌ಮಾಸ್ಟರು ಸಾಲಾಗಿ ಹಾಕು ಎಂದಿದ್ದರು. ಹಾಕಿದಳು. ಒಂಬತ್ತೂವರೆಗೆ ತರಬೇತಿ ಕೊಡುವವರು ಕಾರಿನಿಂದ ಇಳಿದು ಬಂದು, ಬಾಗಿಲಲ್ಲೇ ನಿಂತು ಹಣೆ ಚಚ್ಚಿಕೊಂಡರು.

"ಅಯ್ಯಯ್ಯೋ, ಸಾಲು! ಇನ್ನೂ ಸಾಲಲ್ಲೇ ಇದೀರಾ? ಸಾಲು ಅಂದ್ರೆ ಒಬ್ಬ ಮುಂದೆ, ಒಬ್ಬ ಹಿಂದೆ. ವೃತ್ತ ಮಾಡಿ, ವೃತ್ತ. ವೃತ್ತದಲ್ಲಿ ಮೇಲಿಲ್ಲ, ಕೀಳಿಲ್ಲ. ಎಲ್ಲರೂ ಸಮ!"

ಎಲ್ಲರೂ ಸಮ ಎಂದ ಕೂಡಲೇ ಈ ಶಾಲೆಯವರೂ ಸುತ್ತಲ ಶಾಲೆಗಳವರೂ ಸೇರಿ ನಲವತ್ತೆರಡು ಜನ ಮೇಷ್ಟ್ರು, ಟೀಚರುಗಳು ಬ್ಯಾಗು ಹಿಡಿದುಕೊಂಡು ಗೋಡೆಗೆ ಒರಗಿ ನಿಂತರು. ಆಯಾ ಒಬ್ಬಳೇ ಕುರ್ಚಿ ಎಳೆದೆಳೆದು ಸಮ ಮಾಡಿದಳು. ಹನ್ನೊಂದಕ್ಕೆ ಆರಾರು ಜನರ ಗುಂಪು ಬೇಕೆಂದರು. ಹನ್ನೆರಡೂವರೆಗೆ ಮತ್ತೆ ವೃತ್ತ. ಊಟ ಆದಮೇಲೆ ಎಲ್ಲ ಕುರ್ಚಿ ಗೋಡೆಗೆ, ನಡುವೆ ಕುಣಿಯುವುದಕ್ಕೆ ಜಾಗ. ಮೂರಕ್ಕೆ ಮತ್ತೆ ವೃತ್ತ. ಒಂದೊಂದು ಕುರ್ಚಿ ದಿನಕ್ಕೆ ಐದು ಸಲ ಜಾಗ ಬದಲಿಸಿತು. ಹೊಸ ವಿಧಾನದಲ್ಲಿ ಏನು ಬದಲಾಯಿತು ಎಂದು ಯಾರಾದರೂ ಕೇಳಿದ್ದರೆ ಆಯಾ ಅಷ್ಟನ್ನು ಆಣೆ ಮಾಡಿ ಹೇಳುತ್ತಿದ್ದಳು.

ತರಬೇತಿಯವರಿಗೆ ಮೊದಲ ಗಂಟೆಯಲ್ಲೇ ಹೆಸರು ಬಿತ್ತು: ಚಪ್ಪಾಳೆ ಸಾರ್. ಮಾತಿಗೊಂದು ಚಪ್ಪಾಳೆ. ಎದ್ದರೆ ಚಪ್ಪಾಳೆ, ಕೂತರೆ ಚಪ್ಪಾಳೆ. ಯಾರೋ ಕೆಮ್ಮಿದ್ದಕ್ಕೂ ಅಭ್ಯಾಸಬಲದಿಂದ ನಾಲ್ಕು ಜನ ತಟ್ಟಿಬಿಟ್ಟರು. ಎಲ್ಲರನ್ನೂ ಕಪ್ಪೆಯ ಹಾಗೆ ಕುಪ್ಪಳಿಸಲು ಹೇಳಿದಾಗ ಗಣಿತದ ಮೇಷ್ಟ್ರು ಎದ್ದೇ ನಿಲ್ಲಲಿಲ್ಲ. ನಿವೃತ್ತಿಗೆ ಇನ್ನೊಂದು ವರ್ಷ ಇದ್ದ ಮನುಷ್ಯ.

"ಸಾರ್, ನನ್ನ ಮಂಡಿ ಹಳೇ ವಿಧಾನದ್ದು," ಎಂದರು. "ಕೂತು ಕೂತೇ ಕಲೀತೀನಿ ಬಿಡಿ."

ಆಯಾ ಬಾಗಿಲ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಪುಣ್ಯಕ್ಕೆ ಯಾರೂ ನೋಡಲಿಲ್ಲ. ಅವಳನ್ನು ನೋಡುವ ಅಭ್ಯಾಸ ಆ ಶಾಲೆಯಲ್ಲಿ ಯಾರಿಗೂ ಇರಲಿಲ್ಲ.

ಚಪ್ಪಾಳೆ ಸಾರ್ ಹತ್ತಿರ ಕೆಂಪು ಸ್ಪಂಜಿನ ಚೆಂಡೊಂದಿತ್ತು. ಅದಕ್ಕೊಂದು ನಿಯಮ. ಚೆಂಡು ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು. ಉಳಿದವರು, ಹೆಡ್‌ಮಾಸ್ಟರೇ ಇರಲಿ, ಅವರಪ್ಪನೇ ಇರಲಿ, ಬಾಯಿ ಮುಚ್ಚಿ ಕೇಳಬೇಕು. ಮಾತು ಮುಗಿದಮೇಲೆ ಅವರೇ ಚೆಂಡನ್ನು ಇನ್ನೊಬ್ಬರಿಗೆ ಕೊಡಬೇಕು. ಕಿತ್ತುಕೊಳ್ಳುವಂತಿಲ್ಲ.

"ಇದು ಪ್ರಜಾಪ್ರಭುತ್ವದ ಚೆಂಡು," ಎಂದರು ಸಾರ್. ಚಪ್ಪಾಳೆ ಬಿತ್ತು.

ಆಯಾಳ ಮಗಳು ಪುಟ್ಟಿ ಇದೇ ಶಾಲೆಯಲ್ಲಿ ಮೂರನೇ ಕ್ಲಾಸು. ಆಯಾಳ ಅತ್ತೆ ಇದೇ ಶಾಲೆಯ ಕಕ್ಕಸು ಇಪ್ಪತ್ತೆಂಟು ವರ್ಷ ತೊಳೆದವಳು. ಕಣ್ಣು ಮಂಜಾದ ಮೇಲೆ ಅತ್ತೆಯ ಪೊರಕೆ ಸೊಸೆಯ ಕೈಗೆ ಬಂತು. ಅರ್ಜಿ ಇಲ್ಲ, ಪರೀಕ್ಷೆ ಇಲ್ಲ, ಅಷ್ಟು ಸಲೀಸಾಗಿ ಬಂತು. ಈ ದೇಶದಲ್ಲಿ ಯಾವ ಕೆಲಸವೂ ಹೀಗೆ ಮನೆ ಬಾಗಿಲಿಗೆ ಬರುವುದಿಲ್ಲ, ಇದೊಂದು ಬಿಟ್ಟು. ಪುಟ್ಟಿ ಹುಟ್ಟಿದ ದಿನವೇ ಆಯಾ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು: ಇದು ನನ್ನ ಕೈಗೇ ಕೊನೆ.

ಅದಕ್ಕೇ ಮನೆಯಲ್ಲಿ ಪೊರಕೆಯನ್ನು ಅಟ್ಟದ ಮೇಲೆ ಇಡುತ್ತಿದ್ದಳು. ಮಗುವಿನ ಕೈಗೆ ಎಟುಕದ ಹಾಗೆ. ಒಂದು ಸಲ, ನಾಲ್ಕು ವರ್ಷದವಳಿದ್ದಾಗ, ಪುಟ್ಟಿ ಆಟಕ್ಕೆಂದು ಪೊರಕೆ ಹಿಡಿದು ನಿಂತಿದ್ದಳು. ಆಯಾ ಓಡಿ ಬಂದು ಕೈಯ ಮೇಲೆ ಫಟ್ಟನೆ ಕೊಟ್ಟಳು. ಆಮೇಲೆ ಮಗುವಿಗಿಂತ ಜೋರಾಗಿ ತಾನೇ ಅತ್ತಳು.

"ನಿನ್ನ ಮಗಳೇನು ಮಹಾರಾಣಿನಾ?" ಎನ್ನುತ್ತಿದ್ದಳು ಅತ್ತೆ. "ಮನೆ ಕಸ ಗುಡಿಸಿದ್ರೆ ಕೈ ಸವೆದು ಹೋಗತ್ತಾ?"

"ಹೋಗತ್ತೆ ಅತ್ತೆ. ನಿಮ್ಮ ಕೈ ನೋಡ್ಕೊಳ್ಳಿ."

ಅತ್ತೆ ಕೈ ನೋಡಿಕೊಳ್ಳುತ್ತಿರಲಿಲ್ಲ. ಕಾಣುತ್ತಲೂ ಇರಲಿಲ್ಲ.

ಆದರೆ ಈ ವರ್ಷ ಒಂದು ವಿಚಿತ್ರ ಶುರುವಾಗಿತ್ತು. ಸಂಜೆ ಪುಟ್ಟಿ ಪಕ್ಕದಲ್ಲಿ ಬಂದು ಕೂತರೆ ಅವಳ ಕೈಯಿಂದ ಫಿನಾಯಿಲ್ ವಾಸನೆ ಬರುತ್ತಿತ್ತು. ಬೆರಳ ತುದಿಯ ಚರ್ಮ ಸುಲಿಯುತ್ತಿತ್ತು. ಆಯಾ ತಿಳಿದದ್ದು ಬೇರೆ. ನನ್ನ ಕೈಯ ನಾತ ನನ್ನ ಮಗಳಿಗೂ ಅಂಟಿಕೊಳ್ತಾ ಇದೆಯಲ್ಲಪ್ಪಾ ಎಂದು ಹೊಟ್ಟೆ ಉರಿದುಕೊಂಡು, ತನ್ನ ಕೈಗೆ ಎರಡೆರಡು ಸಲ ಸೋಪು ಹಚ್ಚಿ ತೊಳೆಯತೊಡಗಿದಳು. ಅಷ್ಟಾದರೂ ವಾಸನೆ ಹೋಗಲಿಲ್ಲ. ಆಮೇಲೆ ಮಗುವಿನ ತಲೆ ಸವರುವುದನ್ನೇ ಕಡಿಮೆ ಮಾಡಿದಳು.

ಓದೂ ಹತ್ತುತ್ತಿರಲಿಲ್ಲ. ಎರಡನೇ ಕ್ಲಾಸಿನಲ್ಲಿ ತಡವರಿಸಿಕೊಂಡಾದರೂ ಓದುತ್ತಿದ್ದ ಹುಡುಗಿ ಮೂರಕ್ಕೆ ಬಂದಮೇಲೆ ಪುಸ್ತಕ ತೆಗೆದರೆ ಸಾಕು, ತಲೆ ತಗ್ಗಿಸುತ್ತಿದ್ದಳು. ಆಯಾ ಅಳುಕುತ್ತಲೇ ಹೋಗಿ ಮೂರನೇ ಕ್ಲಾಸಿನ ಟೀಚರನ್ನು ಕೇಳಿದ್ದಳು.

"ನಿಧಾನ ಕಲಿಕೆಯ ಮಗು ಅದು," ಎಂದಿದ್ದರು ಟೀಚರ್, ಕರುಣೆಯಿಂದ. "ಹೊಸ ವಿಧಾನದಲ್ಲಿ ನಾವು ಒತ್ತಡ ಹಾಕೋದಿಲ್ಲ ಆಯಾ. ಪ್ರತಿ ಮಗು ತನ್ನ ವೇಗದಲ್ಲಿ ಅರಳತ್ತೆ."

ಅರಳುತ್ತದೆ ಎಂದು ಕೇಳಿ ಆಯಾ ಸಮಾಧಾನವಾಗಿ ಬಂದಳು.

ಆ ಮೂರನೇ ಕ್ಲಾಸೇ ಹೊಸ ವಿಧಾನದ ಮಾದರಿ ಕ್ಲಾಸು. ಟೀಚರ್ ಬೇಸಿಗೆಯಲ್ಲಿ ಹತ್ತು ದಿನ ತರಬೇತಿಗೆ ಹೋಗಿ ಬಂದಿದ್ದರು. ಬಂದವರೇ ಗೋಡೆಗೆ ಒಂದು ಬಟ್ಟೆಯ ಪಟ ತೂಗುಹಾಕಿದರು. ಅದಕ್ಕೆ ಆರು ಜೇಬು. ಜೇಬಿನ ಮೇಲೆ ಚಿತ್ರ: ಪುಸ್ತಕ, ಬಣ್ಣದ ಕುಂಚ, ಮಣಿಸರ, ಗಿಡ, ತಮಟೆ, ಪೊರಕೆ. ಪ್ರತಿ ಮಗುವೂ ತನ್ನ ಗುರುತಿಗೆ ತಾನೇ ಒಂದು ಚಿತ್ರ ಬರೆದು ಕಾರ್ಡು ಮಾಡಿತ್ತು. ಗಾಳಿಪಟ, ಕೊಡೆ, ಚಂದ್ರ, ಬೆಕ್ಕು, ಹೀಗೆ. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಪುಸ್ತಕದ ಜೇಬಿನಲ್ಲಿರುವವರು ಓದಬೇಕು, ಕುಂಚದವರು ಬಣ್ಣ ಹಚ್ಚಬೇಕು, ಪೊರಕೆಯವರು ಸ್ವಚ್ಛತೆ ನೋಡಿಕೊಳ್ಳಬೇಕು. ವಾರಕ್ಕೊಮ್ಮೆ ಎಲ್ಲ ಕಾರ್ಡೂ ಒಂದು ಜೇಬು ಮುಂದೆ ಹೋಗಬೇಕು. ಯಾರೂ ಒಂದೇ ಕಡೆ ನಿಲ್ಲುವಂತಿಲ್ಲ, ಯಾವ ಜೇಬೂ ಖಾಲಿ ಇರುವಂತಿಲ್ಲ. ಯೋಚನೆ ಚೆನ್ನಾಗಿಯೇ ಇತ್ತು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎನ್ನುತ್ತಾರಲ್ಲ, ಶಾಸ್ತ್ರದಲ್ಲಿ ಯಾವಾಗಲೂ ತಪ್ಪಿರುವುದಿಲ್ಲ.

ಈ ಕಾರ್ಡು ಸರಿಸುವ ಕೆಲಸ ಆಯಾಳ ತಲೆಗೆ ಬಂತು. ಸೋಮವಾರ ಬೆಳಿಗ್ಗೆ ಕಸ ಗುಡಿಸುವಾಗ ಹೇಗೂ ಅಲ್ಲೇ ಇರ್ತೀಯಲ್ಲ, ಸರಿಸಿಬಿಡು ಎಂದರು ಟೀಚರ್. ಅಕ್ಷರ ಬಾರದಿದ್ದರೇನು, ಚಿತ್ರ ತಾನೇ? ಜತೆಗೆ ಇನ್ನೊಂದು ಮಾತು ಹೇಳಿದರು.

"ಪೊರಕೆ ಜೇಬಲ್ಲಿ ಆ ಮೀನಿನ ಕಾರ್ಡ್ ಇದೆಯಲ್ಲ, ಅದನ್ನ ಮುಟ್ಟಬೇಡ. ಅದು ಅಲ್ಲೇ ಇರ್ಲಿ. ಟೇಪು ಅಂಟಿಸಿದೀನಿ."

ಆಯಾ ಹೂಂ ಎಂದಳು. ಹನ್ನೊಂದು ಸೋಮವಾರ ಎಲ್ಲ ಕಾರ್ಡು ಸರಿಸಿದಳು, ಮೀನನ್ನು ಬಿಟ್ಟು. ನೀಲಿ ಮೀನು. ಒಂದೊಂದು ಪೊರೆಯನ್ನೂ ಬಿಡಿಬಿಡಿಯಾಗಿ ಬರೆದಿದ್ದರು, ಬಾಲದ ತುದಿಗೆ ಹಳದಿ. ಯಾವ ಮಗುವೋ ಏನೋ, ಕೈ ಚೆನ್ನಾಗಿದೆ ಎಂದುಕೊಳ್ಳುತ್ತಿದ್ದಳು. ಅದರ ಜತೆ ಒಂದು ಥರ ಸಲಿಗೆಯೂ ಬೆಳೆದಿತ್ತು.

"ಏನಮ್ಮಾ ಮೀನೇ, ಇನ್ನೂ ಇಲ್ಲೇ ಇದೀಯಾ?" ಎಂದು ಕೇಳಿ ಧೂಳು ಒರೆಸಿ ಮುಂದೆ ಹೋಗುತ್ತಿದ್ದಳು.

ಮಧ್ಯಾಹ್ನ ಅವಳು ಶಾಲೆಯಲ್ಲಿ ಇರುತ್ತಿರಲಿಲ್ಲ. ಹನ್ನೆರಡಕ್ಕೆ ಆಚೆ ಬೀದಿಯ ಇನ್ನೊಂದು ಆಫೀಸಿನ ಮೂರು ಮಹಡಿ ಗುಡಿಸಲು ಹೋಗಬೇಕು. ಗುತ್ತಿಗೆದಾರನ ಲೆಕ್ಕದಲ್ಲಿ ಒಂದು ಹೆಂಗಸಿಗೆ ಎರಡು ಕಟ್ಟಡ. ಹಾಗಾಗಿ ಊಟದ ನಂತರದ ಆ ಒಂದು ಗಂಟೆಯನ್ನು ಅವಳು ಒಂದು ದಿನವೂ ಕಂಡಿರಲಿಲ್ಲ. ತರಬೇತಿಯ ಎರಡು ದಿನ ಮಾತ್ರ ಟೀ ಹಂಚಲು, ಕುರ್ಚಿ ಎಳೆಯಲು ಇಲ್ಲೇ ಇರಬೇಕು ಎಂದು ಹೆಡ್‌ಮಾಸ್ಟರು ಗುತ್ತಿಗೆದಾರನಿಗೆ ಹೇಳಿ ಉಳಿಸಿಕೊಂಡಿದ್ದರು. ಅದರಲ್ಲಿ ಮೊದಲ ದಿನ ಮಕ್ಕಳಿಗೆ ರಜೆ.

ಮೊದಲ ದಿನ ಸಂಜೆ ಚಪ್ಪಾಳೆ ಸಾರ್ ಮೇಷ್ಟ್ರುಗಳಿಗೂ ಅಂಥದ್ದೇ ಪಟ ಮಾಡಿಸಿದರು. ಎಲ್ಲರೂ ತಂತಮ್ಮ ಗುರುತು ಬರೆದರು. ಹೆಡ್‌ಮಾಸ್ಟರು ಸೂರ್ಯ ಬರೆದರು. ಮೂರನೇ ಕ್ಲಾಸಿನ ಟೀಚರ್ ದೀಪ. ಗಣಿತದ ಮೇಷ್ಟ್ರು ಆಮೆ. ಒಂದು ಜೇಬಿನವರು ಬೋರ್ಡು ಒರೆಸಬೇಕು, ಒಂದರವರು ನೀರು ತುಂಬಬೇಕು, ಪೊರಕೆಯವರು ಹಾಲ್ ಗುಡಿಸಬೇಕು. ಪೊರಕೆಯ ಜೇಬಿಗೆ ಯಾರು ಎನ್ನುವಾಗ ಎಲ್ಲರೂ ಮೇಲೆ ಫ್ಯಾನ್ ನೋಡಿದರು.

"ಅದಕ್ಕೆ ನಮ್ಮ ಆಯಾ ಇದಾಳಲ್ಲ ಸಾರ್," ಎಂದರು ಹೆಡ್‌ಮಾಸ್ಟರು.

ಎಲ್ಲರೂ ನಕ್ಕರು. ಸಾರೂ ನಕ್ಕರು. ಆ ಜೇಬು ಖಾಲಿಯೇ ಉಳಿಯಿತು. ಪಟವನ್ನು ಆಯಾಳೇ ಮೊಳೆ ಹೊಡೆದು ತೂಗುಹಾಕಿದಳು, ಮೂರನೇ ಕ್ಲಾಸಿನಿಂದ ಮಕ್ಕಳ ಪಟವನ್ನೂ ತಂದು ಪಕ್ಕದಲ್ಲಿ ಹಾಕಿದಳು. ಮಾರನೇ ದಿನ ಅದೇ ಹಾಲ್‌ನಲ್ಲಿ ಮಾದರಿ ಪಾಠ.

ಎರಡನೇ ದಿನ ಬೆಳಿಗ್ಗೆ ಆಯಾ ಪುಟ್ಟಿಗೆ ಎರಡು ಜಡೆ ಬಿಗಿದು ಕೆಂಪು ರಿಬ್ಬನ್ ಕಟ್ಟಿದಳು.

"ಇವತ್ತು ಬೇರೆ ಶಾಲೆ ಮೇಷ್ಟ್ರುಗಳೆಲ್ಲ ನಿಮ್ಮ ಕ್ಲಾಸು ನೋಡ್ತಾರಂತೆ. ಧೈರ್ಯವಾಗಿ ಓದು, ಆಯ್ತಾ? ನಾನೂ ಬಾಗಿಲಲ್ಲಿ ನಿಂತು ನೋಡ್ತೀನಿ."

ಪುಟ್ಟಿಯ ಮುಖ ಬಿಳಿಚಿಕೊಂಡಿತು. "ನೀನು ಮಧ್ಯಾಹ್ನ ಆಫೀಸಿಗೆ ಹೋಗಲ್ವಾ ಅಮ್ಮಾ?"

"ಇಲ್ಲ ಕಣೇ, ಇವತ್ತೂ ಇಲ್ಲೇ."

"ಹೊಟ್ಟೆ ನೋಯ್ತಾ ಇದೆ," ಎಂದಳು ಪುಟ್ಟಿ.

ಆಯಾ ನಕ್ಕು ಕೆನ್ನೆ ಹಿಂಡಿದಳು. ಪರೀಕ್ಷೆ ಅಂದರೆ ಎಲ್ಲ ಮಕ್ಕಳ ಹೊಟ್ಟೆಯೂ ನೋಯುತ್ತದೆ ಎಂದುಕೊಂಡಳು.

ಎರಡು ಗಂಟೆಗೆ ಮಕ್ಕಳು ಒಳಗೆ ಬಂದವು. ನಲವತ್ತೆರಡು ಜನ ಸುತ್ತ ಕೂತಿದ್ದರು, ಕೈಯಲ್ಲಿ ಟಿಪ್ಪಣಿ ಪುಸ್ತಕ. ಆಯಾ ಟೀ ಲೋಟಗಳ ದೊಡ್ಡ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಟೀಚರ್ ಮೂರು ಸಲ ಚಪ್ಪಾಳೆ ತಟ್ಟಿದರು. ಮಕ್ಕಳು ಗದ್ದಲವಿಲ್ಲದೆ ಪಟದ ಹತ್ತಿರ ಹೋಗಿ ತಂತಮ್ಮ ಕಾರ್ಡು ನೋಡಿಕೊಂಡು ಚದುರಿದವು. ಗಾಳಿಪಟ ಪುಸ್ತಕ ಹಿಡಿಯಿತು. ಕೊಡೆ ಕುಂಚ ಹಿಡಿಯಿತು. ಬೆಕ್ಕು ಗಿಡಕ್ಕೆ ನೀರು ಹಾಕಲು ಓಡಿತು. ಆಯಾ ಕತ್ತು ಉದ್ದ ಮಾಡಿ ಕೆಂಪು ರಿಬ್ಬನ್ನಿಗಾಗಿ ಹುಡುಕಿದಳು.

ಕೆಂಪು ರಿಬ್ಬನ್ ಎಲ್ಲರಿಗಿಂತ ಕೊನೆಯಲ್ಲಿ ಪಟದ ಹತ್ತಿರ ಹೋಯಿತು. ಮೀನಿನ ಕಾರ್ಡನ್ನು ಒಂದು ಸಲ ಮುಟ್ಟಿತು. ಆಮೇಲೆ ಮೂಲೆಯಿಂದ ಒಂದು ಸಣ್ಣ ಬಕೆಟ್ಟು, ಒಂದು ಸಣ್ಣ ಪೊರಕೆ, ಫಿನಾಯಿಲ್ ಬಾಟಲಿ ಎತ್ತಿಕೊಂಡಿತು. ಪೊರಕೆಯ ಹಿಡಿಯನ್ನು ಎಂಟು ವರ್ಷದ ಮಗುವಿನ ಅಳತೆಗೆ ಕತ್ತರಿಸಿ, ಕೈಗೆ ಚುಚ್ಚದಂತೆ ಬಟ್ಟೆ ಸುತ್ತಿದ್ದರು.

"ನೋಡಿ, ನೋಡಿ!" ಚಪ್ಪಾಳೆ ಸಾರ್ ಕುರ್ಚಿಯಿಂದ ಎದ್ದೇಬಿಟ್ಟರು. "ಮಗುವಿನ ಅಳತೆಯ ಸಾಮಗ್ರಿ! ಇದನ್ನೇ ನಾನು ನಿನ್ನೆಯಿಂದ ಬಡ್ಕೊಳ್ತಿರೋದು!"

ಉಳಿದ ಪೊರಕೆ ಜೇಬಿನ ಮಕ್ಕಳು ಚಪ್ಪಲಿ ಜೋಡಿಸುತ್ತಿದ್ದವು, ಕಾಗದ ಆಯುತ್ತಿದ್ದವು. ಹೊರಗಿನ ಶಾಲೆಯ ಒಬ್ಬ ಟೀಚರ್ ಕೈ ಎತ್ತಿದರು. "ಈ ಮಗು ಬಕೆಟ್ ತಗೊಂಡು ಎಲ್ಲಿಗೆ ಹೋಗ್ತಿದೆ ಮೇಡಂ?"

"ಟಾಯ್ಲೆಟ್ಟಿಗೆ," ಎಂದರು ಮೂರನೇ ಕ್ಲಾಸಿನ ಟೀಚರ್. ಒಂದಿಷ್ಟೂ ತಡವರಿಸಲಿಲ್ಲ. "ತಿಳಿದದ್ದರಿಂದ ತಿಳಿಯದ ಕಡೆಗೆ ಹೋಗ್ಬೇಕು ಅಂತ ತರಬೇತೀಲಿ ಕಲಿಸಿದ್ರಲ್ಲ. ಮಗು ಮನೆಯಿಂದ ಏನು ತರುತ್ತೋ ಅಲ್ಲಿಂದ ನಾವು ಶುರು ಮಾಡ್ಬೇಕು. ಈ ಮಗುವಿನ ಮನೆಯ ಹಿನ್ನೆಲೆ ಇದು. ಅಕ್ಷರದಲ್ಲಿ ಸ್ವಲ್ಪ ಹಿಂದೆ, ಇದರಲ್ಲಿ ಮಾತ್ರ ತುಂಬಾ ಆಸಕ್ತಿ. ಅದಕ್ಕೇ ಅವಳನ್ನ ಬದಲಾಯಿಸೋದಿಲ್ಲ."

"ಶ್ರಮದ ಗೌರವ!" ಎಂದರು ಚಪ್ಪಾಳೆ ಸಾರ್. ಬೋರ್ಡಿನ ಮೇಲೆ ಬರೆದರು ಕೂಡ. "ಈ ಮಗುವಿಗೆ ಒಂದು ದೊಡ್ಡ ಚಪ್ಪಾಳೆ!"

ಸುತ್ತಲೂ ಕೈಗಳು ತಟ್ಟಿದವು. ಗಣಿತದ ಮೇಷ್ಟ್ರು ತಟ್ಟಿದರೋ ಇಲ್ಲವೋ, ಆಯಾ ನೋಡಲಿಲ್ಲ. ಅವಳು ನೋಡುತ್ತಿದ್ದುದು ಪುಟ್ಟಿಯನ್ನು. ಪುಟ್ಟಿ ಬಾಗಿಲಿಗೆ ಬಂದು ತಲೆ ಎತ್ತಿದಳು. ಅಮ್ಮ. ತಕ್ಷಣ ಪೊರಕೆಯನ್ನು ಬೆನ್ನ ಹಿಂದೆ ಅಡಗಿಸಿದಳು. ಅಮ್ಮನ ಪಕ್ಕದಿಂದ ನುಸುಳಿಕೊಂಡು ಕಕ್ಕಸಿನ ಕಡೆ ಓಡಿದಳು.

ಆಯಾಳ ಕೈಯಲ್ಲಿ ತಟ್ಟೆ ಇತ್ತು. ತಟ್ಟೆ ಬೀಳಲಿಲ್ಲ. ಟೀ ಲೋಟ ಬೀಳಿಸಿದರೆ ಒರೆಸಬೇಕಾದವಳೂ ಅವಳೇ. ವೃತ್ತದ ಸುತ್ತ ಒಬ್ಬೊಬ್ಬರ ಮುಂದೆಯೂ ಬಗ್ಗಿ ನಲವತ್ತೆರಡು ಲೋಟ ಕೊಟ್ಟಳು. ಸಕ್ಕರೆ ಕಡಿಮೆ ಎಂದ ಹೆಡ್‌ಮಾಸ್ಟರಿಗೆ ಸಕ್ಕರೆ ತಂದುಕೊಟ್ಟಳು. ಅವಳ ತಲೆಯೊಳಗೆ ಒಂದೇ ಲೆಕ್ಕ ಓಡುತ್ತಿತ್ತು. ಹನ್ನೊಂದು ಸೋಮವಾರ. ಹನ್ನೊಂದು ಸೋಮವಾರ ತಾನೇ, ಈ ಕೈಯಿಂದಲೇ, ಎಲ್ಲರ ಮಕ್ಕಳನ್ನೂ ಮುಂದೆ ಕಳಿಸಿ, ಹೆತ್ತ ಮಗಳನ್ನು ಪೊರಕೆಯ ಜೇಬಿನಲ್ಲಿ ಬಿಟ್ಟು ಧೂಳು ಒರೆಸಿ ಬಂದಿದ್ದಳು. ಮನೆಯಲ್ಲಿ ಪೊರಕೆಯನ್ನು ಅಟ್ಟದ ಮೇಲೆ ಬಚ್ಚಿಟ್ಟ ಜಾಣೆ!

ಖಾಲಿ ತಟ್ಟೆ ಇಟ್ಟು ಕಕ್ಕಸಿಗೆ ಹೋದಳು. ಪುಟ್ಟಿ ಲಂಗ ಮೊಣಕಾಲಿಗೆ ಸಿಕ್ಕಿಸಿಕೊಂಡು ಕುಕ್ಕರಗಾಲಿನಲ್ಲಿ ಕೂತು ಉಜ್ಜುತ್ತಿದ್ದಳು. ಚೆನ್ನಾಗಿ ಉಜ್ಜುತ್ತಿದ್ದಳು. ಮೂಲೆಯಿಂದ ಶುರು ಮಾಡಿ ನಡುವಿಗೆ ಬರುವುದು, ಆಮೇಲೆ ನೀರು. ಯಾರೋ ಸರಿಯಾಗಿ ಕಲಿಸಿದ್ದರು.

"ಏಳು," ಎಂದಳು ಆಯಾ.

"ಬಿಡಮ್ಮಾ, ಇನ್ನೊಂದೇ ಇರೋದು. ಆಮೇಲೆ ಟೀಚರ್ ಟಾಯ್ಲೆಟ್, ಅಷ್ಟೇ."

"ಏಳು ಪುಟ್ಟಿ."

ಮಗಳ ಕೈ ಹಿಡಿದು ಎಬ್ಬಿಸಿದಳು. ನಲ್ಲಿಯ ಕೆಳಗೆ ಹಿಡಿದು ಮೊಣಕೈವರೆಗೆ ತೊಳೆದಳು. ಯಾಕೆ ಹೇಳಲಿಲ್ಲ ಎಂದು ಕೇಳಬೇಕೆನ್ನಿಸಿತು. ಸೆರಗಿನಲ್ಲಿ ಕೈ ಒರೆಸಿ, ಅವಳನ್ನು ಹಾಲ್‌ನ ಬಾಗಿಲಲ್ಲಿ ತನ್ನ ಪಕ್ಕಕ್ಕೆ ನಿಲ್ಲಿಸಿಕೊಂಡಳು. ಸಣ್ಣ ಪೊರಕೆ ಈಗ ಆಯಾಳ ಕೈಯಲ್ಲಿತ್ತು.

ನಾಲ್ಕು ಗಂಟೆಗೆ ಸಮಾರೋಪ. ಮತ್ತೆ ವೃತ್ತ. ಕೆಂಪು ಚೆಂಡು ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ಈ ಎರಡು ದಿನದಲ್ಲಿ ಏನು ಕಲಿತೆವು ಎಂದು ಹೇಳಿದರು. ಕಣ್ಣು ತೆರೆಯಿತು ಎಂದರು. ಹೊಸ ಬೆಳಕು ಸಿಕ್ಕಿತು ಎಂದರು. ಗಣಿತದ ಮೇಷ್ಟ್ರು, "ಬೇಗ ನಿವೃತ್ತಿ ಆಗೋದು ಒಳ್ಳೇದು ಅಂತ ಕಲಿತೆ," ಎಂದು ಚೆಂಡು ಮುಂದೆ ದಾಟಿಸಿದರು. ಕೊನೆಗೆ ಚೆಂಡು ಚಪ್ಪಾಳೆ ಸಾರ್ ಕೈಗೆ ಬಂತು. ಫೋಟೋ ತೆಗೆಯುವವನು ಸಿದ್ಧವಾಗಿದ್ದ. ಸಾರ್ ಕಣ್ಣು ಬಾಗಿಲಿಗೆ ಬಿತ್ತು.

"ಒಂದು ನಿಮಿಷ! ಎರಡು ದಿನ ನಮಗೆ ಟೀ ಕೊಟ್ಟ ಈ ತಾಯಿಯನ್ನ ನಾವು ಮರೀಬಾರದು. ಬನ್ನಿ ಅಮ್ಮಾ, ವೃತ್ತದ ಒಳಗೆ ಬನ್ನಿ. ನೀವೂ ಏನಾದ್ರೂ ಕಲಿತಿರ್ತೀರಿ. ಒಂದೇ ಒಂದು ಮಾತು."

ಚೆಂಡನ್ನು ಅವಳ ಕೈಗೆ ಇಟ್ಟರು. ಫೋಟೋ ತೆಗೆದರು. ಚಪ್ಪಾಳೆಯೂ ಬಿತ್ತು. ಅಲ್ಲಿಗೆ ಮುಗಿಯಬೇಕಾಗಿತ್ತು.

"ಕಲಿತೆ ಸಾರ್," ಎಂದಳು ಆಯಾ. ಮಕ್ಕಳ ಪಟದ ಕಡೆ ಕೈ ತೋರಿಸಿದಳು. "ಈ ಮೀನು ನನ್ನ ಮಗಳು ಅಂತ ಇವತ್ತು ಕಲಿತೆ."

ಯಾರಿಗೂ ಅರ್ಥವಾಗಲಿಲ್ಲ. ಮೂರನೇ ಕ್ಲಾಸಿನ ಟೀಚರಿಗೆ ಮಾತ್ರ ಆಯಿತು. ಅವರು ಹೆಡ್‌ಮಾಸ್ಟರ ಮುಖ ನೋಡಿದರು.

"ಸರಿ ಆಯಾ, ಒಳ್ಳೇದು. ಚೆಂಡು ಕೊಡು," ಎಂದರು ಹೆಡ್‌ಮಾಸ್ಟರು.

"ಮುಗೀಲಿಲ್ಲ ಸಾರ್."

"ಏಯ್, ಕೊಡು ಅಂದ್ರೆ—"

"ಚೆಂಡು ಅವಳ ಕೈಯಲ್ಲಿದೆ," ಎಂದರು ಗಣಿತದ ಮೇಷ್ಟ್ರು, ಕೂತಲ್ಲಿಂದಲೇ. "ನಿಯಮ ಅಂದ್ರೆ ನಿಯಮ. ಬಾಯಿ ಮುಚ್ಕೊಂಡು ಕೇಳೋಣ ಸಾರ್. ಎರಡು ದಿನ ಅದನ್ನೇ ತಾನೇ ಕಲಿತಿದ್ದು?"

ಹೆಡ್‌ಮಾಸ್ಟರು ಚಪ್ಪಾಳೆ ಸಾರ್ ಕಡೆ ನೋಡಿದರು. ಚಪ್ಪಾಳೆ ಸಾರ್ ಕೈಗಳು ಎದೆಯ ಮಟ್ಟದಲ್ಲಿ ಹಾಗೇ ನಿಂತಿದ್ದವು.

"ಟೀಚರ್ ಹೇಳಿದ್ರು, ನನ್ನ ಮಗಳು ಇದನ್ನ ಮನೆಯಿಂದ ತಂದ್ಲು ಅಂತ," ಎಂದಳು ಆಯಾ, ಪೊರಕೆ ಎತ್ತಿ ಹಿಡಿದು. "ಸುಳ್ಳು. ನಮ್ಮನೇಲಿ ಪೊರಕೆ ಅಟ್ಟದ ಮೇಲಿರತ್ತೆ. ಅವಳ ಕೈಗೆ ಎಟುಕಲ್ಲ. ಎಟುಕಬಾರದು ಅಂತಾನೇ ಅಲ್ಲಿಟ್ಟಿರೋದು. ನನ್ನ ಮಗಳು ಪೊರಕೆ ಹಿಡಿಯೋದು ಕಲಿತಿದ್ದು ಈ ಶಾಲೇಲಿ. ಚೆನ್ನಾಗಿ ಕಲಿಸಿದೀರಿ. ಮೂಲೆಯಿಂದ ಉಜ್ಜಬೇಕು ಅನ್ನೋದೂ ಅವಳಿಗೆ ಗೊತ್ತಿದೆ. ಅಕ್ಷರ ಮಾತ್ರ ಕಲಿಸ್ಲಿಲ್ಲ. ಅಕ್ಷರ ಕಲಿಸೋ ಹೊತ್ತಲ್ಲಿ ಅವಳು ನಿಮ್ಮ ಕಕ್ಕಸಲ್ಲಿದ್ಲು. ಆಮೇಲೆ ನಿಧಾನ ಕಲಿಕೆ ಅಂದ್ರಿ. ಯಾವುದು ನಿಧಾನ ಟೀಚರ್? ಕಕ್ಕಸಲ್ಲಿ ಕೂತು ಎಷ್ಟು ಜೋರಾಗಿ ಓದ್ಬೇಕಿತ್ತು ಅವಳು?"

"ಆಯಾ, ನೀನು ತಪ್ಪು ತಿಳ್ಕೊಂಡಿದೀಯಾ," ಎಂದರು ಟೀಚರ್. ಮುಖ ಕೆಂಪಾಗಿತ್ತು. "ಯಾವ ಕೆಲಸವೂ ಕೀಳಲ್ಲ. ಅದನ್ನೇ ಮಕ್ಕಳಿಗೆ—"

"ಕೀಳಲ್ಲದಿದ್ರೆ ನಿಮ್ಮ ಜೇಬು ಯಾಕೆ ಖಾಲಿ ಇದೆ?"

ಅವಳು ನಡೆದು ಗೋಡೆಯ ಹತ್ತಿರ ಹೋದಳು. ಮಕ್ಕಳ ಪಟದ ಮುಂದೆ ನಿಂತು, ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿ, ಉಗುರಿನಿಂದ ಟೇಪು ಕಿತ್ತಳು. ಬಲವಾಗಿ ಅಂಟಿಸಿದ್ದರು. ನೀಲಿ ಮೀನಿನ ಬಾಲದ ಹಳದಿ ಸ್ವಲ್ಪ ಎದ್ದುಬಂತು. ಮೀನನ್ನು ಪುಸ್ತಕದ ಜೇಬಿಗೆ ಹಾಕಿದಳು.

"ನನ್ನದೂ ತಪ್ಪಿದೆ," ಎಂದಳು ಪಟದ ಕಡೆಗೇ ತಿರುಗಿಕೊಂಡು. "ಹನ್ನೊಂದು ವಾರ ನಾನೇ ಇದನ್ನ ಇಲ್ಲಿ ಬಿಟ್ಟು ಹೋದೆ. ಯಾರ ಮಗುವೋ, ನನಗೇನು ಅಂದ್ಕೊಂಡೆ. ನನ್ನದಲ್ಲದಿದ್ರೂ ಕೇಳ್ಬೇಕಿತ್ತು. ಕೇಳ್ಲಿಲ್ಲ."

ಆಮೇಲೆ ಮೇಷ್ಟ್ರುಗಳ ಪಟದ ಹತ್ತಿರ ಸರಿದಳು. ದೀಪದ ಕಾರ್ಡನ್ನು ತೆಗೆದು ಪೊರಕೆಯ ಜೇಬಿಗೆ ಹಾಕಿದಳು. ಒಂದು ಗಳಿಗೆ ಯೋಚಿಸಿ, ಸೂರ್ಯನನ್ನೂ ತೆಗೆದು ಅದರ ಪಕ್ಕ ಇಟ್ಟಳು. ಹಾಲ್‌ನಲ್ಲಿ ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದ ಹಾಗೆ ಮಾಡಿದರು. ಸಣ್ಣ ಪೊರಕೆಯನ್ನು ಮೂರನೇ ಕ್ಲಾಸಿನ ಟೀಚರ್ ಕುರ್ಚಿಗೆ ಒರಗಿಸಿದಳು.

"ಗಾಬರಿ ಆಗ್ಬೇಡಿ ಟೀಚರ್. ಒಂದೇ ವಾರ. ಮುಂದಿನ ಸೋಮವಾರ ಮುಂದಿನ ಜೇಬಿಗೆ ಹೋಗ್ತೀರಿ. ನಾನು ಟೇಪು ಅಂಟಿಸಿಲ್ಲ."

ಹೆಡ್‌ಮಾಸ್ಟರು ಎದ್ದು ನಿಂತರು. ಈಗ ಅವರಿಗೆ ನಿಯಮ, ಚೆಂಡು ಯಾವುದೂ ಲೆಕ್ಕಕ್ಕಿರಲಿಲ್ಲ. "ನಾಳೆಯಿಂದ ನೀನು ಬರೋದು ಬೇಡ! ಗುತ್ತಿಗೆಯವನಿಗೆ ಈಗಲೇ ಫೋನ್ ಮಾಡ್ತೀನಿ. ಮೊದ್ಲು ಈ ಕುರ್ಚಿಗಳನ್ನ ಮೇಲಿಟ್ಟು ಹೊರಡು!"

ಆಯಾ ನಲವತ್ತೆರಡು ಕುರ್ಚಿಗಳನ್ನೂ ಒಂದು ಸಲ ನೋಡಿದಳು. ಅವಳಿಗೆ ಸೊಂಟದ ನೋವು ನೆನಪಾಯಿತು. ಭಯವೂ ಇತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಈ ಕೆಲಸ ಹೋದರೆ ಇನ್ನೊಂದು ಕಟ್ಟಡದ್ದೂ ಹೋಗುತ್ತದೆ.

"ಫೋನ್ ಮಾಡಿ ಸಾರ್. ನನ್ನ ಕೆಲಸಕ್ಕೆ ಇನ್ನೊಬ್ಬಳನ್ನ ಹುಡುಕ್ಕೊಳ್ಳಿ. ಅವಳಿಗೂ ಒಂದು ಮಗು ಇದ್ದೇ ಇರತ್ತೆ. ನನ್ನ ಮಗಳು ಮಾತ್ರ ನಾಳೆ ಬರ್ತಾಳೆ. ಪುಸ್ತಕದ ಜೇಬಿಗೆ ಬರ್ತಾಳೆ. ಬಾಗಿಲಾಚೆ ನಾನು ನಿಂತಿರ್ತೀನಿ. ಕೆಲಸ ಇಲ್ಲದೋಳಿಗೆ ಬೇಕಾದಷ್ಟು ಹೊತ್ತಿರತ್ತೆ."

"ಕುರ್ಚಿ?" ಎಂದು ಯಾರೋ ಮೆಲ್ಲಗೆ ಕೇಳಿದರು.

"ವೃತ್ತದಲ್ಲಿ ಎಲ್ಲರೂ ಸಮ ಅಂತಲ್ಲ," ಎಂದಳು ಆಯಾ. "ತಲೆಗೊಂದು ಎತ್ತಿ."

ಪುಟ್ಟಿಯ ಕೈ ಹಿಡಿದು ಹೊರಗೆ ನಡೆದಳು. ಹಿಂದೆ ಕಬ್ಬಿಣದ ಕುರ್ಚಿಯೊಂದು ಮಡಚಿದ ಸದ್ದಾಯಿತು. ಗಣಿತದ ಮೇಷ್ಟ್ರು ತಮ್ಮದನ್ನು ಕಂಕುಳಲ್ಲಿ ಇರುಕಿಕೊಂಡು, ಮಂಡಿ ಹಿಡಿದು ಮೆಟ್ಟಿಲ ಕಡೆ ಕುಂಟುತ್ತಿದ್ದರು. ಅಷ್ಟೇ. ಬೇರೆ ಯಾರೂ ಕುರ್ಚಿ ಎತ್ತಿರಲಿಲ್ಲ. ವರದಿಯಲ್ಲಿ ಮಾತ್ರ ಆಮೇಲೆ, ತರಬೇತಿ ಬಹಳ ಯಶಸ್ವಿಯಾಯಿತು, ಎಲ್ಲ ಹಂತದ ಸಿಬ್ಬಂದಿಯೂ ಮನಬಿಚ್ಚಿ ಮಾತಾಡಿದರು ಎಂದು ಬರೆದರಂತೆ. ಚೆಂಡು ಹಿಡಿದ ಆಯಾಳ ಫೋಟೋವನ್ನೂ ಹಾಕಿದರಂತೆ.

ಗೇಟು ದಾಟಿ ರಸ್ತೆಗೆ ಬಂದಮೇಲೆ ಪುಟ್ಟಿ ಸೆರಗು ಜಗ್ಗಿದಳು.

"ಅಮ್ಮಾ, ಚೆಂಡು."

ನಿಜ. ಚೆಂಡು ಇನ್ನೂ ಆಯಾಳ ಕೈಯಲ್ಲೇ ಇತ್ತು. ಹಿಂಡಿ ಹಿಂಡಿ ಅದು ಅರ್ಧವಾಗಿತ್ತು.

"ವಾಪಸ್ ಕೊಡ್ಬೇಕಲ್ವಾ?"

"ಕೊಡೋಣ," ಎಂದಳು ಆಯಾ. ರಸ್ತೆ ಬದಿಯ ಕಟ್ಟೆಯ ಮೇಲೆ ಕೂತು ಮಗಳನ್ನು ಎದುರಿಗೆ ನಿಲ್ಲಿಸಿಕೊಂಡಳು. ಚೆಂಡನ್ನು ಅವಳ ಸುಲಿದ ಬೆರಳುಗಳ ನಡುವೆ ಇಟ್ಟಳು. "ಮೊದ್ಲು ನಿನ್ನ ಮಾತು ಮುಗೀಲಿ. ನಾನು ನಡುವೆ ಬಾಯಿ ಹಾಕಲ್ಲ."

ಪುಟ್ಟಿ ಚೆಂಡನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಲಾರಿಯೊಂದು ಹೋಯಿತು. ಎರಡು ಸೈಕಲ್ಲು ಹೋದವು. ಆಯಾ ಕಾಯುತ್ತಾ ಕೂತಳು.

"ನಾನು ತೊಳೀದಿದ್ರೆ ನೀನೇ ಸಂಜೆ ಮತ್ತೆ ಬಂದು ತೊಳೀಬೇಕು ಅಂದ್ರು ಟೀಚರ್," ಎಂದಳು ಪುಟ್ಟಿ. "ನಿಂಗೆ ಸೊಂಟ ನೋಯತ್ತಲ್ಲ ಅಮ್ಮಾ. ಅದಕ್ಕೇ."

ಆಯಾ ಬಾಯಿ ಹಾಕಲಿಲ್ಲ. ಮಾತು ಕೊಟ್ಟಿದ್ದಳು. ಮಗಳನ್ನು ಎಳೆದು ತಬ್ಬಿಕೊಂಡಳು, ತೊಳೆಯದ ಕೈ ಎಂದೂ ನೋಡದೆ ಅವಳ ತಲೆ ಸವರಿದಳು, ಸವರುತ್ತಲೇ ಇದ್ದಳು.